ಬ್ಲಾಕ್ ಪಟ್ಟಿಯಲ್ಲೊಂದು ದೇವದುರ್ಗ

ಕಳೆದ ಬೇಸಿಗೆಯ ರಜೆಯಲ್ಲಿ ಮಗಳು ಮೊಮ್ಮಗಳೊಂದಿಗೆ ರಾಯಚೂರಿಗೆ ಬಂದಿದ್ದಳು. ನಮ್ಮೂರ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಮನೆಯೇ ಸೆರೆಮನೆ. ಅಂತಹ ಒಂದು ಮಧ್ಯಾಹ್ನ ನನ್ನ ಸ್ಮಾರ್ಟ್‌ಫೋನನ್ನು ಹಿಡಿದು ಏನೇನನ್ನೋ ಒತ್ತುತ್ತ ಕುಳಿತಿದ್ದ ಮೊಮ್ಮಗಳು ಥಟ್ಟನೆ ನಕ್ಕು, "ಅಜ್ಜಾ, ಎಷ್ಟೊಂದು ಮಂದೀನ್ನ ಬ್ಲಾಕ್ ಮಾಡಿಟ್ಟೀಯಲ್ಲ!" ಎಂದಳು.

ಇಂತಹದೊಂದು ಪಟ್ಟಿ ಫೋನಿನೊಳಗೆ ಇರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಬೇಡದ ಕರೆ ಬಂದಾಗ 'ಬ್ಲಾಕ್' ಎಂದು ಒತ್ತುವುದನ್ನು ಯಾರೋ ಕಲಿಸಿದ್ದರು, ಒತ್ತುತ್ತ ಬಂದಿದ್ದೆ. ಒತ್ತಿದ್ದು ಎಲ್ಲಿಗೆ ಹೋಗುತ್ತದೆಂದು ಯೋಚಿಸಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಒಟ್ಟು 43 ನಂಬರುಗಳು. ಹೆಸರಿಲ್ಲ, ತಾರೀಖಿಲ್ಲ, ಕಾರಣವಿಲ್ಲ. ಬರಿಯ ಅಂಕಿಗಳ ಸಾಲು. ಆ ಸಾಲಿನ ನಡುವೆ ಒಂದು ನಂಬರು 08531 ಎಂದು ಆರಂಭವಾಗುತ್ತಿತ್ತು. ಮೊಮ್ಮಗಳ ಪಾಲಿಗೆ ಅದು ಐದು ಅಂಕಿ. ನನ್ನ ಪಾಲಿಗೆ ಅದು ದೇವದುರ್ಗ.

ಎಸ್.ಟಿ.ಡಿ. ಕಾಲವನ್ನು ಕಂಡವರಿಗೆ ಊರಿನ ಕೋಡು ಎಂದರೆ ಊರಿನ ಇನ್ನೊಂದು ಹೆಸರು. ರಾಯಚೂರಿಗೆ 08532, ಮಾನ್ವಿಗೆ 08538, ದೇವದುರ್ಗಕ್ಕೆ 08531. ಜಗನ್ನಾಥದಾಸರ ಮಾನ್ವಿಯಲ್ಲಿ ಓದಿ, ದೇವದುರ್ಗದಲ್ಲಿ ಬಹುಕಾಲ ಪಾಠ ಹೇಳಿ, ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆಸಿದ ನನ್ನ ಇಡೀ ಬದುಕು ಈ ಮೂರು ಕೋಡುಗಳೊಳಗೇ ಮುಗಿಯುತ್ತದೆ. ಅಂಥದರಲ್ಲಿ ದೇವದುರ್ಗದ ಕರೆಯೊಂದನ್ನು ನಾನು ಬ್ಲಾಕ್ ಮಾಡಿದ್ದು ಹೇಗೆ? ಆ ನಂಬರು ಯಾರದು? ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಬಂದ ಕರೆಯನ್ನು ಬೇಡವೆನ್ನುವ ಈ ಅಧಿಕಾರ ನಮ್ಮ ಕೈಗೆ ಹೇಗೆ ಬಂದಿತೆಂಬುದನ್ನು ಸ್ವಲ್ಪ ನೋಡೋಣ. ಮೇಷ್ಟರ ಅಭ್ಯಾಸ, ಯಾವ ವಿಷಯಕ್ಕೂ ಪೂರ್ವೇತಿಹಾಸ ಹೇಳದೆ ಸಮಾಧಾನವಾಗುವುದಿಲ್ಲ.

ದೂರದ ಸುದ್ದಿ ತಂತಿಯ ಮೇಲೆ ಬರುವುದು ನಮ್ಮ ಊರಿಗೆ ಹೊಸತೇನಲ್ಲ. ಮುಂಬಯಿಯಿಂದ ಹೊರಟ ರೈಲುಮಾರ್ಗ ಮತ್ತು ಮದರಾಸಿನಿಂದ ಹೊರಟ ರೈಲುಮಾರ್ಗ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಆಗ ನಾವು ನಿಜಾಮರ ಸೀಮೆಯವರು. ರೈಲು ಹಳಿಯ ಪಕ್ಕದಲ್ಲಿ ತಂತಿಕಂಬಗಳು ಸಾಲುಗಟ್ಟಿ ಬರುತ್ತಿದ್ದ ಕಾಲವದು. ಟೆಲಿಫೋನು ಹುಟ್ಟಲು ಇನ್ನೂ ಐದು ವರ್ಷ ಬಾಕಿಯಿತ್ತು. ತಂತಿಯ ಕಾಲದಲ್ಲಿ 'ಬೇಡವಾದ ಸುದ್ದಿ' ಇತ್ತೇ ಹೊರತು 'ಬೇಡವಾದ ಕರೆ' ಎಂಬ ಮಾತಿರಲಿಲ್ಲ. ನನ್ನ ಬಾಲ್ಯದಲ್ಲಿ ತಂತಿ ಬಂತೆಂದರೆ ಓದುವುದಕ್ಕೆ ಮೊದಲೇ ಮನೆಯ ಹೆಂಗಸರು ಅಳಲು ಸಿದ್ಧರಾಗುತ್ತಿದ್ದರು. ಆದರೂ ಟಪಾಲಿನವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರನ್ನು ನಾನು ಕಂಡಿಲ್ಲ. ಆ ತಂತಿಸೇವೆಯೂ 2013ರ ಜುಲೈನಲ್ಲಿ ನಿಂತುಹೋಯಿತು.

ಟೆಲಿಫೋನು ಬಂದ ಮೇಲೆ ಅದರ ಬಾಗಿಲಲ್ಲಿ ನಿಂತವರು ಆಪರೇಟರರು. ನಾನು ದೇವದುರ್ಗಕ್ಕೆ ಕೆಲಸಕ್ಕೆ ಸೇರಿದಾಗ ಊರಲ್ಲಿ ಫೋನಿದ್ದ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಪರಊರಿಗೆ ಮಾತಾಡಬೇಕಾದರೆ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ತರಗತಿ. ಜೇಬಿನ ಶಕ್ತಿಗೆ ತಕ್ಕಂತೆ ವೇಗ. ಆರ್ಡಿನರಿ ಕಾಲ್ ಬುಕ್ ಮಾಡಿದವರು ಬೆಂಚಿನ ಮೇಲೆ ಕುಳಿತು ಅರ್ಧ ದಿನ ಕಳೆಯುತ್ತಿದ್ದುದುಂಟು. ಲೈನ್ ಸಿಕ್ಕಾಗ ಆಪರೇಟರರು ಆ ಕಡೆಯವರಿಗೆ, "ದೇವದುರ್ಗದಿಂದ ಇಂಥವರು ಮಾತಾಡ್ತಾರ್ರೀ" ಎಂದು ಹೇಳಿ ಜೋಡಿಸುತ್ತಿದ್ದರು. ಅಂದರೆ ಕರೆಯುವವರ ಊರು, ಹೆಸರು ಮೊದಲು ಬರುತ್ತಿತ್ತು, ಮಾತು ಆಮೇಲೆ. ಇಂದು ಕೋಟಿಗಟ್ಟಲೆ ಹಣ ಸುರಿದು ಕಂಪನಿಗಳು ಮಾಡುತ್ತಿರುವ 'ಕರೆಯುವವರ ಹೆಸರು ತೋರಿಸುವ' ಕೆಲಸವನ್ನು ಅಂದು ಸಂಬಳದ ಆಪರೇಟರರೊಬ್ಬರು ಬಾಯಿಮಾತಿನಲ್ಲಿ ಮಾಡುತ್ತಿದ್ದರು.

ಹಾಗೆಂದು ಆ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಬಾಗಿಲು ಕಾಯುವವನಿಗೆ ಬಾಗಿಲು ಮುಚ್ಚುವ ಅಧಿಕಾರವೂ ಇರುತ್ತದಷ್ಟೆ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯ ಆಲ್ಮನ್ ಸ್ಟ್ರೋಜರ್ ಎಂಬವನಿದ್ದ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನವರು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆಂಬ ಸಂಶಯ ಅವನಿಗೆ ಬಂತಂತೆ. ಅದರಿಂದ ರೊಚ್ಚಿಗೆದ್ದು, ಆಪರೇಟರರೇ ಬೇಕಾಗದಂತಹ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಕಂಡುಹಿಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಅವನಿಗೆ ಪೇಟೆಂಟ್ ದೊರೆತದ್ದು 1891ರಲ್ಲಿ. ಕಥೆಯ ವಿವರ ಹೇಗೇ ಇರಲಿ, ಅಂದಿನಿಂದ ನಡುವೆ ನಿಂತ ಮನುಷ್ಯ ಮೆಲ್ಲಮೆಲ್ಲನೆ ಹಿಂದೆ ಸರಿದ. ಯಾರು ಬೇಕಾದರೂ ಯಾರ ಮನೆಯ ಗಂಟೆಯನ್ನಾದರೂ ನೇರವಾಗಿ ಬಾರಿಸಬಹುದಾಯಿತು.

ನಮ್ಮ ಹಳ್ಳಿಗಳಿಗೆ ಈ ಸೌಕರ್ಯ ಬರಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಭಾರತದ ಧೂಳು, ಸೆಕೆಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅಂತಹ 128 ಲೈನುಗಳ ಮೊದಲ ಎಕ್ಸ್‌ಚೇಂಜು 1986ರಲ್ಲಿ ಆರಂಭವಾದದ್ದು ನಮ್ಮದೇ ನಾಡಿನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಅನಂತರ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ಹನ್ನೊಂದರ ನಂತರ ಕಾಲು ದರವೆಂದು ಬೂತಿನ ಮುಂದೆ ಸಾಲು ನಿಂತು, ನಿದ್ದೆಗಣ್ಣಿನ ನೆಂಟರನ್ನು ಎಬ್ಬಿಸಿ ಮಾತಾಡಿದವರಲ್ಲಿ ನಾನೂ ಒಬ್ಬ.

ಆ ಕಾಲದಲ್ಲಿ ಇನ್ನೊಬ್ಬ ದ್ವಾರಪಾಲಕರಿದ್ದರು: ಪಕ್ಕದ ಮನೆಯವರು! ಮದುವೆಯ ಕರೆಯೋಲೆಗಳ ಮೇಲೆ, ಅರ್ಜಿಗಳ ಮೇಲೆ ನಂಬರಿನ ಮುಂದೆ 'ಪಿ.ಪಿ.' ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಫೋನು ನಮ್ಮದಲ್ಲ, ಆದರೆ ಕರೆದು ಕೊಡುತ್ತಾರೆ ಎಂದು ಅದರ ತಾತ್ಪರ್ಯ. ನಮ್ಮ ಓಣಿಯಲ್ಲಿ ಫೋನಿದ್ದ ಮನೆಯ ಯಜಮಾನಿಗೆ ಯಾರ ಕರೆಗೆ ಓಡಿ ಬರಬೇಕು, ಯಾರ ಕರೆಗೆ "ಊರಾಗಿಲ್ರಿ" ಎನ್ನಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಸಾಲ ಕೇಳುವವರನ್ನು ಆಕೆ ಎಷ್ಟು ಸೊಗಸಾಗಿ ತಡೆಯುತ್ತಿದ್ದಳೆಂದರೆ ಇಂದಿನ ಯಾವ ಆ್ಯಪೂ ಆಕೆಗೆ ಸಮವಲ್ಲ. ಆದರೆ ಸಾವು, ಹೆರಿಗೆ, ಆಸ್ಪತ್ರೆಯ ಸುದ್ದಿಯಾದರೆ ಮಧ್ಯರಾತ್ರಿಯಾದರೂ ಬಾಗಿಲು ಬಡಿಯುತ್ತಿದ್ದಳು. ಈ ತಾರತಮ್ಯಜ್ಞಾನ ಮುಖ್ಯ. ಇದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊಬೈಲ್ ಭಾರತಕ್ಕೆ ಬಂದದ್ದು 1995ರಲ್ಲಿ. ನಮ್ಮಂತಹವರ ಕೈಗೆ ಬಂದದ್ದು ಅದಾದ ಏಳೆಂಟು ವರ್ಷಗಳ ಮೇಲೆ. ಮೊದಮೊದಲು ಬರುವ ಕರೆಗೂ ಹಣ ತೆರಬೇಕಾಗಿತ್ತು. 2003ರ ಮೇ 1ರಿಂದ ಕರೆದವರೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು ಬರುವ ಕರೆಗಳು ಉಚಿತವಾದವು. ನಾವೆಲ್ಲ ಸಂತೋಷಪಟ್ಟೆವು. ಆದರೆ ಬರುವ ಕರೆಗೆ ದುಡ್ಡಿದ್ದಾಗ ನಮ್ಮ ನಂಬರನ್ನು ಹತ್ತು ಜನರಿಗೆ ಮಾತ್ರ ಕೊಡುತ್ತಿದ್ದೆವು. ಉಚಿತವಾದೊಡನೆ ಅಂಗಡಿ, ಬ್ಯಾಂಕು, ಚೀಟಿ, ಲಾಟರಿ ಎಂದು ಕೇಳಿದಲ್ಲೆಲ್ಲ ಬರೆದುಕೊಟ್ಟೆವು. ದುಡ್ಡೆಂಬ ದ್ವಾರಪಾಲಕನೂ ಹೊರಟುಹೋದ. ಸಾಲ ಬೇಕೇ, ವಿಮೆ ಬೇಕೇ, ನಿವೇಶನ ಬೇಕೇ ಎಂಬ ಕರೆಗಳ ಪ್ರವಾಹ ಆರಂಭವಾದದ್ದು ಆಗಲೇ.

ಈ ಉಪದ್ರವದ ವಿರುದ್ಧ 2005ರಲ್ಲಿ ಹರ್ಷ ಪಾಠಕ್ ಎಂಬ ವಕೀಲರು ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದರು. ಅಮೆರಿಕದಲ್ಲಿ 2003ರಲ್ಲಿಯೇ 'ಕರೆ ಮಾಡಬೇಡಿ' ಎಂಬ ರಾಷ್ಟ್ರೀಯ ನೋಂದಣಿ ಆರಂಭವಾಗಿತ್ತು. ನಮ್ಮಲ್ಲಿ ಟ್ರಾಯ್ ಸಂಸ್ಥೆ 2007ರಲ್ಲಿ ಅಂತಹ ನೋಂದಣಿಯನ್ನು ತಂದಿತು. ಅದು ಸಾಲದೆ 2010ರಲ್ಲಿ ಹೊಸ ನಿಯಮ, ಅದೂ ಸಾಲದೆ 2018ರಲ್ಲಿ ಇನ್ನೊಂದು ನಿಯಮ, 2025ರ ಫೆಬ್ರವರಿಯಲ್ಲಿ ಅದಕ್ಕೂ ತಿದ್ದುಪಡಿ. ಈ ತಿದ್ದುಪಡಿಯ ಪ್ರಕಾರ, ಬೇಡದ ವ್ಯಾಪಾರಿ ಕರೆ ಬಂದ ಏಳು ದಿನಗಳೊಳಗೆ ದೂರು ಕೊಡಬಹುದು. ಮೊದಲು ಮೂರೇ ದಿನಗಳ ಅವಕಾಶವಿತ್ತು. 1885ರ ಹಳೆಯ ತಂತಿ ಕಾಯಿದೆಯ ಸ್ಥಾನದಲ್ಲಿ ಬಂದ 2023ರ ದೂರಸಂಪರ್ಕ ಕಾಯಿದೆಯಲ್ಲಿಯೂ 'ತೊಂದರೆ ಕೊಡಬೇಡಿ' ಎಂಬ ನೋಂದಣಿಗೆ ಸ್ಥಾನ ದೊರೆತಿದೆ. 1885ರಲ್ಲಿ ತಂತಿಯನ್ನು ಕಾಯಲು ಕಾಯಿದೆ ಬರೆದರು. ಈಗ ತಂತಿಯಿಂದ ಮನುಷ್ಯನನ್ನು ಕಾಯಲು ಕಾಯಿದೆ ಬರೆಯಬೇಕಾಗಿದೆ!

ಇದು ಸರ್ಕಾರದ ಕಡೆಯ ಬೀಗ. ಇನ್ನೊಂದು ಬೀಗ ಫೋನಿನೊಳಗೇ ಬಂತು. ಐಫೋನಿನಲ್ಲಿ 2013ರಲ್ಲಿ, ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ 2016ರ ಏಳನೆಯ ಆವೃತ್ತಿಯಿಂದ, ನಂಬರನ್ನು ತಡೆಯುವ ಸೌಲಭ್ಯ ಫೋನಿನ ಅಂಗವೇ ಆಯಿತು. ಆಪರೇಟರರು, ಪಕ್ಕದ ಮನೆಯಾಕೆ, ಕರೆಯ ಬೆಲೆ ಇವೆಲ್ಲವೂ ಮಾಡುತ್ತಿದ್ದ ಕೆಲಸ ಒಂದು ಹೆಬ್ಬೆರಳಿಗೆ ಬಂತು. ಹೆಬ್ಬೆರಳು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಆ ಕಡೆಯವರಿಗೆ ತಾವು ಬ್ಲಾಕ್ ಆಗಿದ್ದೇವೆಂದು ಯಾರೂ ಹೇಳುವುದಿಲ್ಲ. ಅವರು ಕರೆಯುತ್ತಲೇ ಇರುತ್ತಾರೆ. ಈ ಕಡೆ ಫೋನು ಸದ್ದೇ ಮಾಡುವುದಿಲ್ಲ.

ನನ್ನ ವಯಸ್ಸಿನವರಿಗೆ ಉಪಯೋಗವಾದೀತೆಂದು, ಮೊಮ್ಮಗಳು ಕಲಿಸಿದ ಪಾಠವನ್ನು ಇಲ್ಲಿ ಬರೆಯುತ್ತೇನೆ. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಮಾಡುವ ಹಸಿರು ಅಥವಾ ನೀಲಿ ಚಿತ್ರವನ್ನು ಒತ್ತಿ, ಮೇಲ್ಭಾಗದ ಮೂರು ಚುಕ್ಕೆಗಳನ್ನು ಮುಟ್ಟಿದರೆ 'ಸೆಟ್ಟಿಂಗ್ಸ್' ಸಿಗುತ್ತದೆ. ಅದರೊಳಗೆ 'ಬ್ಲಾಕ್ಡ್ ನಂಬರ್ಸ್' ಅಥವಾ 'ಬ್ಲಾಕ್ ನಂಬರ್ಸ್' ಎಂಬ ಸಾಲಿರುತ್ತದೆ. ಕಂಪನಿಯಿಂದ ಕಂಪನಿಗೆ ಮಾತು ಸ್ವಲ್ಪ ಬೇರೆಯಾದೀತು, ಜಾಗ ಹೆಚ್ಚುಕಡಿಮೆ ಅದೇ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಫೋನಿಗೆ ಸಂಬಂಧಿಸಿದ ಭಾಗದಲ್ಲಿ ಹುಡುಕಬೇಕು. ನಂಬರಿನ ಪಕ್ಕದ ಗುರುತನ್ನು ಒತ್ತಿ ತೆಗೆದುಹಾಕಿದರೆ ಬಾಗಿಲು ತೆರೆದಂತೆ. ವಾಟ್ಸ್ಆ್ಯಪ್‌ಗೆ ಅದರದೇ ಪ್ರತ್ಯೇಕ ಪಟ್ಟಿಯುಂಟು. ಅದು ಅಲ್ಲಿನ 'ಪ್ರೈವೆಸಿ' ಭಾಗದಲ್ಲಿ 'ಬ್ಲಾಕ್ಡ್ ಕಾಂಟ್ಯಾಕ್ಟ್ಸ್' ಎಂಬ ಹೆಸರಿನಲ್ಲಿರುತ್ತದೆ. ಒಂದು ಕಡೆ ತೆರೆದರೆ ಇನ್ನೊಂದು ಕಡೆ ತಾನಾಗಿ ತೆರೆಯುವುದಿಲ್ಲ. ಬ್ಲಾಕ್ ಆದವರ ಎಸ್ಸೆಮ್ಮೆಸ್ಸುಗಳು ಅನೇಕ ಫೋನುಗಳಲ್ಲಿ ಬೇರೊಂದು ಕಡತದಲ್ಲಿ ಬಿದ್ದಿರುತ್ತವೆ. ಅದನ್ನೂ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಒಂದು ಎಚ್ಚರಿಕೆ. ಅದೇ ಪುಟದಲ್ಲಿ 'ಅಪರಿಚಿತರ ಕರೆಗಳನ್ನು ತಡೆ' ಎಂಬರ್ಥದ ಗುಂಡಿಯೂ ಇರುತ್ತದೆ. ಅದರ ಅರ್ಥ ಎಲ್ಲ ಫೋನುಗಳಲ್ಲಿ ಒಂದೇ ಅಲ್ಲ. ಗೂಗಲ್ಲಿನ ಫೋನ್ ಆ್ಯಪ್‌ನಲ್ಲಿ ನಂಬರೇ ತೋರಿಸದ ಕರೆಗಳು ಮಾತ್ರ ನಿಲ್ಲುತ್ತವೆ. ಐಫೋನಿನಲ್ಲಿ 2019ರಿಂದ ಬಂದಿರುವ ಅಪರಿಚಿತರನ್ನು ಮೌನಗೊಳಿಸುವ ಸೌಲಭ್ಯವಾದರೋ, ನಾವು ಹೆಸರು ಬರೆದಿಟ್ಟುಕೊಳ್ಳದ ಎಲ್ಲರ ಕರೆಯನ್ನೂ ಸದ್ದಿಲ್ಲದಂತೆ ಮಾಡಬಲ್ಲದು. ಓದದೆ ಒತ್ತಬಾರದು.

ಇನ್ನೊಂದು ಮಾತು. ಫೋನಿನ ಬ್ಲಾಕ್ ನಮ್ಮ ಮನೆಯ ಚಿಲಕವಿದ್ದಂತೆ. ಓಣಿಯಲ್ಲಿ ತಿರುಗುವವರನ್ನು ಅದು ತಡೆಯದು. ವ್ಯಾಪಾರಿ ಕರೆಗಳನ್ನು ನಿಲ್ಲಿಸಲು 1909ಕ್ಕೆ ಹೇಳಬೇಕು. ವಂಚಕರ ಕರೆಯೆಂದು ಸಂಶಯ ಬಂದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ 2024ರಲ್ಲಿ ಆರಂಭವಾದ 'ಚಕ್ಷು' ವಿಭಾಗಕ್ಕೆ ತಿಳಿಸಬಹುದು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಂಚಕರು ದಿನಕ್ಕೊಂದು ನಂಬರು ಬದಲಿಸುವುದರಿಂದ ಅವರನ್ನು ಒಂದೊಂದಾಗಿ ಬ್ಲಾಕ್ ಮಾಡುತ್ತ ಕೂರುವುದು ಮರಳನ್ನು ಎಣಿಸಿದಂತೆಯೇ ಸರಿ. ಪ್ರಚಾರದ ಕರೆಗಳಿಗೆ 140, ಬ್ಯಾಂಕು ಮುಂತಾದವುಗಳ ಸೇವಾ ಕರೆಗಳಿಗೆ 1600 ಎಂದು ಬೇರೆಬೇರೆ ಸರಣಿ ಕೊಟ್ಟಿರುವುದನ್ನು ತಿಳಿದಿದ್ದರೆ ಅವಸರದಲ್ಲಿ ತಪ್ಪು ಬಾಗಿಲು ಮುಚ್ಚುವುದು ತಪ್ಪುತ್ತದೆ. ಮತ್ತೂ ಒಂದು ಸಂಗತಿ ನನಗೆ ಹೊಸತಾಗಿತ್ತು. ಯಾರೋ ಬಿಟ್ಟುಬಿಟ್ಟ ಮೊಬೈಲ್ ನಂಬರನ್ನು ಕನಿಷ್ಠ 90 ದಿನಗಳ ನಂತರ ಬೇರೊಬ್ಬರಿಗೆ ಕೊಡುತ್ತಾರೆ. ಐದು ವರ್ಷದ ಹಿಂದೆ ಸಾಲದ ಏಜೆಂಟನದೆಂದು ಬ್ಲಾಕ್ ಮಾಡಿದ ನಂಬರು ಇಂದು ಯಾವುದೋ ಬಡ ವಿದ್ಯಾರ್ಥಿಯದಾಗಿರಬಹುದು.

ಬಡವರ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ದೇವದುರ್ಗ, ಮಾನ್ವಿ ಸೀಮೆಯಲ್ಲಿ ಅಪರಿಚಿತ ನಂಬರು ಎಂಬುದಕ್ಕೆ ಪಟ್ಟಣದವರು ತಿಳಿದ ಅರ್ಥವಷ್ಟೇ ಇಲ್ಲ. ಮಳೆ ಕೈಕೊಟ್ಟ ವರ್ಷ ಮಂದಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಹೋದಲ್ಲಿ ಸಿಮ್ ಬದಲಾಗುತ್ತದೆ, ಕರೆನ್ಸಿ ಮುಗಿಯುತ್ತದೆ, ಮೇಸ್ತ್ರಿಯ ಫೋನಿನಿಂದಲೋ ಪಕ್ಕದ ಗುಡಿಸಲಿನವರ ಫೋನಿನಿಂದಲೋ ಊರಿಗೆ ಮಾತಾಡುತ್ತಾರೆ. ಹೆಸರು ಕಾಣಿಸುವ ಖಾಯಂ ನಂಬರಿನಿಂದ ಕರೆಯುವುದು ನೆಲೆ ನಿಂತವರ ಭಾಗ್ಯ. ಕಷ್ಟದಲ್ಲಿರುವವರ ಕರೆ ಹೆಚ್ಚಾಗಿ ಅಪರಿಚಿತ ನಂಬರಿನಿಂದಲೇ ಬರುತ್ತದೆ.

ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಇಡುತ್ತಿದ್ದೆವು. ಗುಳೆ ಹೋದ ಮನೆಯ ಮಕ್ಕಳು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಂತಹ ಮಗುವಿನ ಹೆಸರನ್ನು ಪುಸ್ತಕದಿಂದ ಹೊಡೆಯುವ ಮೊದಲು ಒಮ್ಮೆ ಮನೆಗೆ ಹೋಗಿ ವಿಚಾರಿಸಬೇಕೆಂಬುದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಾಕಿಕೊಟ್ಟ ಪದ್ಧತಿ. "ಹೆಸರು ಹೊಡಿಯೂದು ಒಂದು ಗೆರಿ ಕೆಲಸ ರೀ. ತಿರುಗಿ ಬರಸೂದು ಭಾಳ ತ್ರಾಸು" ಎನ್ನುತ್ತಿದ್ದರು. ಅವರೊಡನೆ ನಾನು ದೇವದುರ್ಗದ ಸುತ್ತಲಿನ ತಾಂಡಾಗಳಿಗೆ, ದೊಡ್ಡಿಗಳಿಗೆ ಸೈಕಲ್ಲಿನಲ್ಲಿ ಹೋದದ್ದುಂಟು. ಅವರು ಇಲ್ಲವಾಗಿ ಒಂದು ವರ್ಷ ಕಳೆದಿತ್ತು. ಅವರ ಮರಣದ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ, ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಿತರೊಬ್ಬರಿಂದ. ಅರವತ್ತು ಕಿಲೋಮೀಟರು ಇಲ್ಲದ ದೂರದಲ್ಲಿದ್ದ ನನಗೆ ಆ ಶಾಲೆಯ ಯಾರೂ ಒಂದು ಮಾತು ತಿಳಿಸಲಿಲ್ಲವಲ್ಲ ಎಂದು ಬಹಳ ನೊಂದೆ. ನೋವು ಮುನಿಸಾಯಿತು. ಅನಂತರ ಶಾಲೆಯವರು ಕಳಿಸಿದ ಎರಡು ಆಮಂತ್ರಣಗಳಿಗೆ ನಾನು ಉತ್ತರವನ್ನೂ ಬರೆಯಲಿಲ್ಲ.

ಈಗ 08531ರ ವಿಷಯ. ಮೊಮ್ಮಗಳ ಎದುರಿಗೇ ಬ್ಲಾಕ್ ತೆಗೆದು ಆ ನಂಬರಿಗೆ ಕರೆ ಮಾಡಿದೆ. ರಜೆಯಾದರೂ ಕಚೇರಿಯಲ್ಲಿ ಒಬ್ಬರಿದ್ದರು. ಅದು ನಾನು ಕೆಲಸ ಮಾಡಿದ ಶಾಲೆಯ ಫೋನು. ಹೆಸರು ಹೇಳಿದೊಡನೆ ಅವರು ಗುರುತಿಸಿ, "ಸರ್, ನೀವಾ! ಹ್ವಾದ ವರ್ಷ ನಿಮಗ ಭಾಳ ಸಲ ಹಚ್ಚಿದ್ವಿ ರೀ. ದೊಡ್ಡ ಮಾಸ್ತರ್ರು ಹಾಸಿಗಿ ಹಿಡಿದಾಗ ನಿಮ್ಮನ್ನ ಕೇಳಾಕತ್ತಿದ್ರು. ಮೂರು ದಿನ ಮಧ್ಯಾಹ್ನ ಹಚ್ಚಿದ್ವಿ, ನೀವು ಎತ್ತಲಿಲ್ಲ. ತೀರಿಕೊಂಡ ದಿನಾನೂ ಹಚ್ಚಿದ್ವಿ, ಹತ್ತಲೇ ಇಲ್ಲ" ಎಂದರು.

ಎಲ್ಲವೂ ನೆನಪಾಯಿತು. ಮಧ್ಯಾಹ್ನದ ನಿದ್ದೆಯ ಹೊತ್ತು. ಕನ್ನಡಕವಿಲ್ಲದ ಕಣ್ಣಿಗೆ ಕಂಡದ್ದು ಸೊನ್ನೆ ಎಂಟು ಎಂಬ ಎರಡೇ ಅಂಕಿ. ಬೆಂಗಳೂರಿನ 080 ಇರಬೇಕು, ಯಾವುದೋ ವಿಮೆಯವರ ಕಾಟವೆಂದು ಮೂರು ದಿನ ಕಡಿದುಹಾಕಿ, ಮೂರನೆಯ ದಿನ ಸಿಟ್ಟಿನಿಂದ ಬ್ಲಾಕ್ ಒತ್ತಿದ್ದೆ. ಸಾಯುವ ಹಿರಿಯರ ಕೊನೆಯ ಕರೆಯನ್ನು ಬಾಗಿಲಿನಿಂದ ಅಟ್ಟಿದವನು ನಾನೇ. ಅದನ್ನು ತಿಳಿಸಲಿಲ್ಲವೆಂದು ಒಂದು ವರ್ಷ ಪರರ ಮೇಲೆ ಮುನಿದು ಕುಳಿತವನೂ ನಾನೇ. ಒಂದು ಗೆರೆಯಲ್ಲಿ ಹೆಸರು ಹೊಡೆಯಬಾರದೆಂದು ನನಗೆ ಕಲಿಸಿದವರ ಕರೆಯನ್ನೇ ಒಂದು ಬೆರಳಿನಿಂದ ಹೊಡೆದುಹಾಕಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೋದೆ. ಶಾಲೆಯವರ ಕ್ಷಮೆ ಕೇಳಿ, ಅಲ್ಲಿಂದ ಅವರ ಮನೆಗೆ ಹೋಗಿ ಅವರ ಪತ್ನಿಯ ಮುಂದೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಫೋನ್ ಕೆಟ್ಟೈತಿ, ಇಲ್ಲಂದ್ರ ಬರತಿದ್ರು ಅಂತ ಅವರೇ ಅಂದ್ರು, ಮಾಸ್ತರ್ರ" ಎಂದರು. ಚಹಾ ತಂದು ಕೊಟ್ಟರು.

ಊರಿಗೆ ಮರಳಿ 43 ನಂಬರುಗಳನ್ನೂ ಒಂದೊಂದಾಗಿ ನೋಡಿದೆ. 140ರವು ಹಾಗೆಯೇ ಇರಲಿ ಎಂದು ಬಿಟ್ಟು, ಗುರುತಿಲ್ಲದ ಸಾಧಾರಣ ನಂಬರುಗಳನ್ನೆಲ್ಲ ತೆರೆದೆ. ಈಗ ಅಪರಿಚಿತ ಕರೆ ಬಂದರೆ ಒಮ್ಮೆ ಎತ್ತಿ, "ಯಾರು?" ಎಂದು ಕೇಳಿ, ಊರು ಹೆಸರು ತಿಳಿದ ಮೇಲೆ ಮುಂದಿನ ಮಾತು, ಹಣದ ಅಥವಾ ಓ.ಟಿ.ಪಿ.ಯ ಮಾತೆತ್ತಿದರೆ ಅಲ್ಲಿಗೇ ಮುಕ್ತಾಯ. ಬ್ಲಾಕ್ ಮಾಡಿದ ನಂಬರನ್ನು ತಾರೀಖು, ಕಾರಣಗಳ ಸಮೇತ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಏಕೆಂದರೆ ಫೋನು ಅದನ್ನು ಬರೆದಿಡುವುದಿಲ್ಲ. ಪ್ರತಿ ತಿಂಗಳ ಒಂದನೆಯ ತಾರೀಖು, ಹಿಂದೆ ಹಾಜರಿಯ ಮೊತ್ತ ಕೂಡಿಸುತ್ತಿದ್ದ ದಿನ, ಆ ಪಟ್ಟಿಯನ್ನು ತೆರೆದು ನೋಡುತ್ತೇನೆ. ಮೊಮ್ಮಗಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ, "ಅಜ್ಜಾ, ಈ ತಿಂಗಳ ಲೆಕ್ಕ ನೋಡಿದ್ಯಾ?" ನೋಡಿದ್ದೇನೆ. ಸದ್ಯಕ್ಕೆ ಹನ್ನೆರಡು. ಅದರಲ್ಲಿ ನಮ್ಮ ಜಿಲ್ಲೆಯ ಕೋಡು ಒಂದೂ ಇಲ್ಲ.